ಡಬ್ಬಿ ಅಕ್ಕನ ಐಸ್ ಪೆಟ್ಟಿಗೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮೂರನೇ ಮಹಡಿಯ ಬಾಗಿಲಲ್ಲಿ ಐಸ್ ಪೆಟ್ಟಿಗೆಯನ್ನು ಹೆಗಲಿಗೆ ಹಾಕಿಕೊಂಡು ಡಬ್ಬಿ ಅಕ್ಕ ನಿಂತಿದ್ದಾರೆ. ಒಳಗಿರುವ ವಯಸ್ಸಾದ ದರ್ಜಿ ಬಾಗಿಲು ತೆರೆದರೂ ಡಬ್ಬಿ ಕೊಡಲು ಹಿಂದೇಟು ಹಾಕುತ್ತಾರೆ. ಕೈ ನಡುಗುತ್ತಿದೆ, ಅದಕ್ಕಿಂತ ಹೆಚ್ಚಾಗಿ ನಾಚಿಕೆ.

"ನಡುಗೋದು ಕೈ. ನೀವು ಹೊಟ್ಟೇದು ಕೇಳ್ತೀರಲ್ಲಮ್ಮ."

"ಕೈ ನಡುಗೋಕೆ ಮುಂಚೆ ಎಷ್ಟು ವರ್ಷದಿಂದ ಹೊಟ್ಟೆ ಕಟ್ಕೊಂಡು ಸರಿಯಾಗಿ ಹೋಗ್ತಿರ್ಲಿಲ್ಲ, ಹೇಳಿ ಅಣ್ಣ?"

ಉತ್ತರ ಬರುವುದು ಒಳಗಿದ್ದ ಅವರ ಹೆಂಡತಿಯಿಂದ: "ಯಾವ ಕಾಲದಿಂದಲೋ. ಮಾತ್ರೆ ತಂದು ತಂದು ನನಗೇ ಸಾಕಾಗಿದೆ."

ಮೂವರೂ ನಗುತ್ತಾರೆ. ಡಬ್ಬಿ ಪೆಟ್ಟಿಗೆ ಸೇರುತ್ತದೆ.

ನಡುಕದ ಕಾಯಿಲೆಗೂ ಕರುಳಿನ ಬ್ಯಾಕ್ಟೀರಿಯಾಗಳಿಗೂ ಏನು ನಂಟು ಎಂದು ಹುಡುಕುತ್ತಿರುವ ಪ್ರಯೋಗಾಲಯಕ್ಕೆ ರೋಗಿಗಳ ಮಲದ ಮಾದರಿಯ ಡಬ್ಬಿಗಳನ್ನು ತಲುಪಿಸುವುದು ಅಕ್ಕನ ಕೆಲಸ. ಹೊಟ್ಟೆಯಿಂದ ಮೆದುಳಿಗೆ ಉದ್ದನೆಯ ನರವೊಂದಿದೆ. ಕರುಳಿನ ಜೀವಾಣುಗಳ ಪ್ರಭಾವ ಆ ದಾರಿಯಲ್ಲೂ ಮೇಲೇರುತ್ತಿರಬಹುದೆಂದು ಸಂಶೋಧಕರ ಗುಮಾನಿ. ಮಾದರಿ ತಣ್ಣಗಿರಬೇಕು, ಬೇಗ ತಲುಪಬೇಕು. ಹಾಗಾಗಿ ಬೆಳಗಾದರೆ ಆರೇಳು ಮನೆ, ಉಸಿರು ಬಿಡಲೂ ಪುರುಸೊತ್ತಿಲ್ಲ.

ಮೊದಲು ಆಸ್ಪತ್ರೆಯಲ್ಲಿ ನೆಲ ಒರೆಸುತ್ತಿದ್ದರು. ಈ ಕೆಲಸಕ್ಕೆ ಯಾರೂ ಮುಂದೆ ಬಾರದಿದ್ದಾಗ ಇವರೇ ಒಪ್ಪಿಕೊಂಡರು. ಅಂದಿನಿಂದ ಅತ್ತೆ ಅಡುಗೆಮನೆಗೆ ಸೇರಿಸಲಿಲ್ಲ. "ಸ್ನಾನ ಮಾಡಿ ಬಂದ್ರೂ ಮೂಗು ಮುಚ್ಕೊಳ್ತಿದ್ರು. ನನಗೋ, ಅಡುಗೆ ತಪ್ತಲ್ಲ ಅಂತ ಒಳಗೊಳಗೇ ಖುಷಿ," ಎಂದು ಕಣ್ಣು ಮಿಟುಕಿಸುತ್ತಾರೆ. ಬಸ್ ಓಡಿಸುವ ಗಂಡ ಮಾತ್ರ ಕೇಳಿದವರಿಗೆಲ್ಲ "ಅವಳು ಲ್ಯಾಬಲ್ಲಿದ್ದಾಳೆ" ಎಂದು ಮಾತು ತೇಲಿಸುತ್ತಿದ್ದರು. ಅತ್ತೆಯ ಮೂಗಿಗಿಂತ ಅದು ಹೆಚ್ಚು ಚುಚ್ಚುತ್ತಿತ್ತು.

ಕಳೆದ ಬೇಸಿಗೆಯಲ್ಲಿ ಒಂದು ದಿನ ಸೇತುವೆ ಮೇಲೆ ವಾಹನಗಳೆಲ್ಲ ಸಿಕ್ಕಿಕೊಂಡು ನಿಂತವು. ಅಕ್ಕ ಇದ್ದದ್ದು ಗಂಡನ ಬಸ್ಸಿನಲ್ಲೇ. ಪೆಟ್ಟಿಗೆಯ ಐಸ್ ನೀರಾಗುತ್ತಿತ್ತು. ಹಿಂದಿನ ಸೀಟಿನಲ್ಲಿ ಮೀನು ಮಾರುವ ಹೆಂಗಸು ಐಸ್ ಹಾಕಿದ ಬುಟ್ಟಿ ಇಟ್ಟುಕೊಂಡು ಕೂತಿದ್ದರು. ಅಕ್ಕ ಸ್ವಲ್ಪ ಐಸ್ ಕೇಳಿದರೆ, "ಆ ಪೆಟ್ಟಿಗೇಲಿ ಏನಿದೆ?" ಎಂದರು. ಬಸ್ಸೆಲ್ಲ ಕಿವಿಯಾಯಿತು. ಅಕ್ಕ ತಡವರಿಸುವಷ್ಟರಲ್ಲಿ ಗಂಡ ಸೀಟಿನಿಂದೆದ್ದು ತಿರುಗಿ ನಿಂತರು.

"ಕಾಯಿಲೆಯವ್ರ ಮಲ ಇದೆ. ನಡುಕದ ಕಾಯಿಲೆ ಯಾಕೆ ಬರುತ್ತೆ ಅಂತ ನೋಡೋಕೆ ಬೇಕು. ಹೊತ್ಕೊಂಡು ಓಡಾಡೋಳು ನನ್ನ ಹೆಂಡ್ತಿ."

ಯಾರೂ ನಗಲಿಲ್ಲ. ಮೀನಿನ ಹೆಂಗಸು ಮುಂದೆ ಬಗ್ಗಿ ಮೂಸಿ ನೋಡಿದರು. "ನನ್ನ ಬುಟ್ಟಿಗಿಂತ ವಾಸಿ ಬಿಡಮ್ಮ," ಎಂದು ಎರಡು ಕೈ ತುಂಬ ಐಸ್ ಸುರಿದರು.

ಆ ದಿನದ ಮಾತೆತ್ತಿದರೆ ಅಕ್ಕ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. "ಇಷ್ಟು ವರ್ಷದ ಸಂಸಾರದಲ್ಲಿ ಅವ್ರು ಅಷ್ಟು ಜೋರಾಗಿ 'ನನ್ನ ಹೆಂಡ್ತಿ' ಅಂದಿದ್ದು ಅದೇ ಮೊದ್ಲು," ಎನ್ನುತ್ತಾರೆ. ಆಮೇಲೆ, ಅದಕ್ಕಿಂತ ದೊಡ್ಡ ಸುದ್ದಿ ಹೇಳುವವರ ಹಾಗೆ:

"ಅವತ್ತು ಒಂದು ಡಬ್ಬಿನೂ ಕೆಡ್ಲಿಲ್ಲ."