ಜಟಗ ಒಬ್ಬನೇ ಕುಡಿಯುವವನಲ್ಲ

ಹಳದೀಪುರದ ಜಟ್ಟಿ ನಾಯ್ಕನನ್ನು ಊರವರು ಕರೆಯುತ್ತಿದ್ದದ್ದು ಗಾಂಧಿ ಜಟ್ಟಿ ಎಂದು. ಅದರಲ್ಲಿ ಅರ್ಧ ಮರ್ಯಾದೆ, ಅರ್ಧ ಕುಚೋದ್ಯ. ಕಳ್ಳು ಇಳಿಸುವ ಮನೆತನದಲ್ಲಿ ಹುಟ್ಟಿ ಕಳ್ಳು ಮುಟ್ಟದವನನ್ನು ಊರು ಇನ್ನು ಹೇಗೆ ಕರೆಯಬೇಕು?

ಉಪ್ಪಿನ ಸತ್ಯಾಗ್ರಹದ ಕಾಲದಲ್ಲಿ ಅವನಿಗೆ ಮೀಸೆ ಆಗತಾನೆ ಗಟ್ಟಿಯಾಗಿತ್ತು. ಕೋರ್ಟು ಬಿಟ್ಟು ಚಳವಳಿಗೆ ಇಳಿದಿದ್ದ ಕುಮಟೆಯ ವಕೀಲ ಅನಂತಮೂರ್ತಿಗಳು ಕೈಯಲ್ಲಿ ಬಾವುಟ ಹಿಡಿದು, ಸುತ್ತಲ ಊರಿನ ಕಳ್ಳಿನವರನ್ನೆಲ್ಲ ಮೈದಾನದಲ್ಲಿ ಸೇರಿಸಿ, ಕಳ್ಳಿನ ತೆರಿಗೆಯಿಂದಲೇ ಪರಂಗಿಯವರ ಹೊಟ್ಟೆ ತುಂಬುತ್ತಿದೆ ಎಂದು ತಿಳಿಹೇಳಿದರು. ಎಲ್ಲರೂ ಬಾವುಟ ಮುಟ್ಟಿ ಆಣೆ ಮಾಡಿದರು, ಕಳ್ಳು ಇಳಿಸುವುದಿಲ್ಲ, ಕುಡಿಯುವುದಿಲ್ಲ ಎಂದು. ದೀಪಾವಳಿ ಬರುವುದರೊಳಗೆ ಎಲ್ಲರೂ ಮರ ಹತ್ತಿದ್ದರು. ಜಟ್ಟಿ ಹತ್ತಲಿಲ್ಲ. ತನ್ನ ಪಾಲಿನ ಮಡಕೆಗಳನ್ನು ಅಂಗಳದಲ್ಲೇ ಒಡೆದು ಹಾಕಿದ್ದಕ್ಕೆ ಅಪ್ಪ ಒಂದು ಮಳೆಗಾಲ ಪೂರ್ತಿ ಅವನ ಸಂಗಡ ಮಾತಾಡಲಿಲ್ಲ. ಆಮೇಲೆ ಅವನು ಕಂಡವರ ತೋಟದಲ್ಲಿ ಕಾಯಿ ಕೊಯ್ದುಕೊಂಡು, ಗೇಣಿಗೆ ತುಂಡು ಗದ್ದೆ ಮಾಡಿಕೊಂಡು ಬದುಕಿದ. ಕಾಲಿಗೆ ಮರ ಹತ್ತುವ ಅದೇ ತಳೆ, ಸೊಂಟಕ್ಕೆ ಅದೇ ಕತ್ತಿ, ಇಳಿಸುವುದು ಮಾತ್ರ ಬೇರೆ.

ಅವನ ಮನೆಯ ಹಿಂದೆ, ಹೊಂಗೆ ಮರದ ಬುಡದಲ್ಲಿ ಜಟಗನ ಕಲ್ಲಿತ್ತು. ಇವನಿಗೆ ಹೆಸರು ಬಂದದ್ದೂ ಆ ದೇವರಿಂದಲೇ. ಜಟಗನಿಗೆ ದೊಡ್ಡ ಪೂಜೆ ಪುರಸ್ಕಾರ ಬೇಡ. ವರ್ಷಕ್ಕೊಮ್ಮೆ ಮೊದಲ ಮಡಕೆಯ ಕಳ್ಳನ್ನು ತೆಂಗಿನ ಗೆರಟೆಯಲ್ಲಿ ಕಲ್ಲಿಗೆ ಎರೆಯಬೇಕು, ಮಡಕೆಯ ತಳದಲ್ಲಿ ಉಳಿದದ್ದನ್ನು ಮನೆಯವರೊಬ್ಬರು ಅಲ್ಲೇ ಎದುರಿಗೆ ಕೂತು ಕುಡಿಯಬೇಕು. ಜಟಗ ಒಬ್ಬನೇ ಕುಡಿಯುವವನಲ್ಲ. ಜೊತೆಗೆ ಯಾರೂ ಕೂರದಿದ್ದರೆ ಎರೆದದ್ದೆಲ್ಲ ನೆಲಕ್ಕೆ ಹೋಯಿತೇ ಹೊರತು ದೇವರಿಗೆ ಮುಟ್ಟಲಿಲ್ಲ ಎಂದು ಲೆಕ್ಕ. ಜಟ್ಟಿಯ ಆಣೆಗೆ ಇದರಿಂದ ತೊಂದರೆಯೇನೂ ಆಗಿರಲಿಲ್ಲ. ಅಣ್ಣ ಕುಪ್ಪ ಇದ್ದ, ಜಟಗನ ಜೊತೆ ಕೂರುವುದೆಂದರೆ ಅವನಿಗೆ ಎಲ್ಲಿಲ್ಲದ ಭಕ್ತಿ.

ಸ್ವಾತಂತ್ರ್ಯ ಬಂತು. ಅದರ ಹಿಂದೆಯೇ ಮುಂಬಯಿ ಸರಕಾರದ ಪಾನನಿಷೇಧವೂ ಬಂತು. ಮರದ ಮೇಲಿನ ಮಡಕೆಗಳು ಇಳಿದವು. ಎರಡು ಮಳೆಗಾಲ ಕಳೆಯುವುದರೊಳಗೆ ಕುಪ್ಪನೂ ತೀರಿಕೊಂಡ. ಆಮೇಲೆ ಜಟ್ಟಿ ಜಟಗನಿಗೆ ಎಳನೀರು ಎರೆಯತೊಡಗಿದ.

“ಪಾಪ, ಜ್ವರ ಬಂದವ್ರಿಗೆ ಕೊಟ್ಟಂಗೆ ಕೊಡ್ತ್ರಿ ನೀವು. ಗಂಡುದೇವ್ರು ಅದು” ಎಂದು ಹೆಂಡತಿ ಗಣಪಿ ಬಾವಿಕಟ್ಟೆಯಿಂದಲೇ ಚುಚ್ಚುತ್ತಿದ್ದಳು.

“ದೇಶಕ್ಕೆ ಒಂದು ಕಾನೂನು ಆದ್ಮೇಲೆ ದೇವ್ರಿಗೂ ಅದೇ ಕಾನೂನು” ಎಂದು ಜಟ್ಟಿ. ಹಾಗೆ ಹೇಳುವಾಗ ಅವನ ಎದೆ ಒಂದು ಬೆರಳು ಮುಂದೆ ಬರುತ್ತಿತ್ತು. ತಾನು ಒಬ್ಬನೇ ಹಿಡಿದಿಟ್ಟ ಮಾತನ್ನು ಈಗ ಸರಕಾರವೇ ಹಿಡಿಯಿತಲ್ಲ ಎಂಬ ಹೆಮ್ಮೆ ಅದು. ಆ ಹೆಮ್ಮೆಗೆ ಅವನು ಹಕ್ಕುದಾರನೂ ಹೌದು ಎಂದೇ ನನಗನಿಸುತ್ತದೆ.

ಐವತ್ತಾರರಲ್ಲಿ ಜಿಲ್ಲೆ ಮುಂಬಯಿಯಿಂದ ಕಳಚಿ ಮೈಸೂರಿಗೆ ಸೇರಿತು. ಕನ್ನಡದವರೆಲ್ಲ ಒಂದೇ ಮನೆಯವರಾದರು ಎಂದು ಹೊನ್ನಾವರದಲ್ಲಿ ಮೆರವಣಿಗೆ ಹೊರಟಾಗ ಜಟ್ಟಿಯೂ ಒಗೆದ ಟೊಪ್ಪಿ ಹಾಕಿಕೊಂಡು ನಡೆದ. ಆದರೆ ರಾಜಧಾನಿ ಬೆಂಗಳೂರಿನಲ್ಲಿ ಬಿಯರನ್ನು ಹಾಡುಹಗಲೇ ಮಾರುತ್ತಾರಂತೆ ಎಂಬ ಸುದ್ದಿ ಚಹಾದ ಅಂಗಡಿಗೆ ಬಂದಾಗ ಮಾತ್ರ ಅವನು ಕಕ್ಕಾಬಿಕ್ಕಿಯಾದ. ಒಂದೇ ಮನೆ ಅಂದಮೇಲೆ ನಡುಮನೆಯಲ್ಲಿ ಹಬ್ಬ, ಹಿತ್ತಿಲಿನಲ್ಲಿ ಉಪವಾಸವೇ? “ಅವ್ರು ಹಿಂದೆ ಬಿದ್ದಾರೆ. ನಿಧಾನಕ್ಕೆ ನಮ್ಮ ದಾರಿಗೆ ಬರ್ತ್ರು” ಎಂದು ಹೇಳಿ ಚಹಾ ಮುಗಿಸಿ ಎದ್ದ. ಅಂಗಡಿಯಲ್ಲಿದ್ದವರು ನಗೆಯನ್ನು ಚಹಾದ ಬಸಿಯೊಳಗೇ ಊದಿಕೊಂಡರು.

ಅವನ ಆಣೆಗೆ ನಿಜವಾದ ಪರೀಕ್ಷೆ ಬಂದದ್ದು ಐವತ್ತೊಂಬತ್ತರಲ್ಲಿ, ಒಬ್ಬಳೇ ಮಗಳು ಲಕ್ಕಿಯ ಹೆರಿಗೆಯ ಹೊತ್ತಿಗೆ. ಅವಳಿಗೆ ಮೊದಲೆರಡೂ ಹೊಟ್ಟೆಯಲ್ಲೇ ಹೋಗಿದ್ದವು. ಮೂರನೆಯದಕ್ಕೆ ತವರಿಗೆ ಬಂದವಳ ದನಿ ಒಳಗೆ ಕೂಗಿ ಕೂಗಿ ಬಿದ್ದುಹೋದಾಗ, ಸೂಲಗಿತ್ತಿ ಹೊರಗೆ ಬಂದು ತಲೆಯಲ್ಲಾಡಿಸಿ ಕೈ ತೊಳೆದುಕೊಂಡಾಗ, ಜಟ್ಟಿ ಹಿತ್ತಿಲಿಗೆ ಓಡಿ ಕಲ್ಲಿನ ಮುಂದೆ ಬಿದ್ದ.

“ಕಳ್ಳು ಕೊಡ್ತೆ! ತುಂಬಿದ ಮಡಕೆ ಕೊಡ್ತೆ! ನಿನ್ನ ಸಂಗ್ತಿಗೆ ನಾನೇ ಕೂತ್ಕಂತೆ! ಕೂಸು ಒಂದು ಉಳಿಸಿಕೊಡು!”

ಕೂಸು ಉಳಿಯಿತು. ಹೆಣ್ಣು. ಕಮಲಿ ಎಂದು ಹೆಸರಿಟ್ಟರು. ತೊಟ್ಟಿಲಿನ ಸಂಭ್ರಮವೆಲ್ಲ ಮುಗಿದು ಮನೆ ತಣ್ಣಗಾದ ಮೇಲಷ್ಟೇ ಜಟ್ಟಿಗೆ ತಾನು ಆಡಿದ್ದೇನೆಂಬುದು ಹೊಳೆಯಿತು. ಬಾವುಟಕ್ಕೆ ಒಂದು ಮಾತು ಕೊಟ್ಟಿದ್ದ, ಜಟಗನಿಗೆ ಇನ್ನೊಂದು. ಎರಡೂ ತನ್ನದೇ ನಾಲಿಗೆಯಿಂದ ಬಂದದ್ದು.

ಹರಕೆ ತೀರದ ಮಗುವನ್ನು ಊರು ಒಂದು ಬಗೆಯಲ್ಲಿ ನೋಡುತ್ತದೆ. ಕಮಲಿಗೆ ನೆಗಡಿ ಬಂದರೂ ಯಾರಾದರೊಬ್ಬರು ಜಟಗನ ಹೆಸರೆತ್ತುತ್ತಿದ್ದರು. ಲಕ್ಕಿ ಅಪ್ಪನಿಗೆ ಒಂದು ಮಾತೂ ಅನ್ನುತ್ತಿರಲಿಲ್ಲ. ಮಗುವಿನ ಹಣೆ ಮುಟ್ಟಿ ನೋಡುತ್ತಿದ್ದಳು, ಆಮೇಲೆ ಅಪ್ಪನನ್ನು ನೋಡುತ್ತಿದ್ದಳು. ಬೈದಿದ್ದರೇ ವಾಸಿಯಿತ್ತು.

ಕಡೆಗೆ ಜಟ್ಟಿ ಒಂದು ಉಪಾಯ ಹುಡುಕಿದ. ಪಾನನಿಷೇಧದಲ್ಲೂ ಕೆಲವರಿಗೆ ಪರವಾನಗಿ ಸಿಗುತ್ತದೆ ಎಂದು ಕೇಳಿದ್ದ. ಜಟಗನ ಹೆಸರಿನಲ್ಲೇ ಒಂದು ಮಾಡಿಸಿದರೆ? ಸರಕಾರವೇ ಒಪ್ಪಿ ಕೊಟ್ಟದ್ದನ್ನು ಕುಡಿದರೆ ಆಣೆ ಮುರಿದಂತೆ ಹೇಗಾದೀತು? ಟೊಪ್ಪಿ ಹಾಕಿಕೊಂಡು ಬಸ್ಸು ಹತ್ತಿ ಕುಮಟೆಗೆ ಹೋದ.

ಕಚೇರಿಯ ಗುಮಾಸ್ತ ಒಳ್ಳೆಯವನು, ನಗಲಿಲ್ಲ. ಕುರ್ಚಿ ಹಿಂದಕ್ಕೆ ಸರಿಸಿ ಕೇಳಿದ: “ಕಾಯಿಲೆಯವನೋ? ಡಾಕ್ಟರ ಚೀಟಿ ಉಂಟೋ?”

“ಕಲ್ಲಿಗೆ ಎಂತ ಕಾಯ್ಲೆ, ಸಾಯ್ಬರೆ? ಗಟ್ಟಿ ಇದ್ದಾನೆ.”

“ಇಗರ್ಜಿಯ ಪೂಜೆಗಾದರೆ ಪಾದ್ರಿಗಳಿಗೆ ಕೊಡುತ್ತೇವೆ. ಅದೂ ಅಲ್ಲವಲ್ಲ. ಪರದೇಶದವನಾದರೆ ಕೊಡಲಿಕ್ಕೆ ಬರುತ್ತದೆ. ನಿನ್ನ ಜಟಗ ಯಾವ ದೇಶದವನು?”

“ಹಳದೀಪುರದವ್ನೇ!”

“ಹಾಗಾದರೆ ಬರುವುದಿಲ್ಲ” ಎಂದ ಗುಮಾಸ್ತ, ನಿಜವಾಗಿ ಬೇಜಾರುಪಟ್ಟುಕೊಂಡು.

ವಾಪಸು ಬರುವಾಗ ಬಸ್ಸಿನಲ್ಲಿ ಜಟ್ಟಿ ಕಿಟಕಿಯಾಚೆ ನೋಡುತ್ತ ಕೂತಿದ್ದ. ಪರಂಗಿಯವರನ್ನು ಓಡಿಸಲಿಕ್ಕೆಂದು ಬಿಟ್ಟ ಕಳ್ಳು ಇದು. ಈಗ ಪರಂಗಿಯವನಾದರೆ ಕುಡಿಯಬಹುದಂತೆ, ಈ ಮಣ್ಣಿನ ದೇವರು ಕುಡಿಯಬಾರದಂತೆ. ಅವನಿಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗದೆ ಟೊಪ್ಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ.

ಅಳಿಯ ಸೋಮ ಮಚವೆ ದೋಣಿಯಲ್ಲಿ ಹಂಚು ಸಾಗಿಸುವವನು, ಕಾರವಾರದ ಕಡೆ ಹೋಗಿಬರುವವನು. ಮಾವನ ಸಂಕಟ ನೋಡಲಾರದೆ ಒಂದು ಮಧ್ಯಾಹ್ನ ಚೀಲದಿಂದ ಕಂದು ಬಣ್ಣದ ಬಾಟ್ಲಿ ತೆಗೆದ. ಗೋವೆಯಿಂದ ಗಡಿ ದಾಟಿ ಬಂದದ್ದು.

“ಮಾವಾ, ನೀವು ಆಣೆ ಮಾಡಿದ್ದು ಕಳ್ಳಿಗೆ. ಇದು ಕಳ್ಳಲ್ಲ, ಬಿಯರು. ದೊರೆಗಳು ಕುಡಿಯುದು. ಜಟಗ ಖುಷಿ ಆಗ್ತ.”

ಗಣಪಿ ಬಾಟ್ಲಿಯ ಮುಚ್ಚಳವನ್ನು ಕತ್ತಿಯ ಬೆನ್ನಿನಿಂದ ಎಬ್ಬಿಸಿದಳು. ಬುಸ್ಸೆಂದು ನೊರೆ ಉಕ್ಕಿತು. ನೊರೆ ನೋಡಿದರೆ ಕಳ್ಳಿನದೇ, ಆದರೆ ವಾಸನೆ ಬೇರೆ. ಅವಳು ಗೆರಟೆಗೆ ಬಗ್ಗಿಸಿಕೊಂಡು ಒಂದು ಗುಟುಕು ಕುಡಿದು ಮುಖ ಕಿವುಚಿದಳು.

“ಥೂ, ಕಹಿ! ಕಿರಾತಕಡ್ಡಿ ಕಷಾಯ! ಇದನ್ನ ದುಡ್ಡು ಕೊಟ್ಟು ಕುಡಿತ್ರಾ? ಕಳ್ಳಿಗೆ ಒಂದು ಸಿಹಿ ಅದೆ, ಒಂದು ಹುಳಿ ಅದೆ. ಇದ್ರಲ್ಲಿ ಎಂತದೂ ಇಲ್ಲ, ಬರೀ ದೊಡ್ಡಸ್ತಿಕೆ.”

ಸೋಮ ಅಭ್ಯಾಸವಾದರೆ ರುಚಿಯಾಗುತ್ತದೆ ಎಂದ. ಜಟ್ಟಿ ಬಾಟ್ಲಿಯನ್ನು ಕೈಯಲ್ಲಿ ಹಿಡಿದು ಅದರ ಮೇಲಿನ ಅಕ್ಷರಗಳನ್ನು ನೋಡಿದ. ಓದಲು ಬಾರದಿದ್ದರೂ ತನ್ನ ಅಕ್ಷರಗಳಲ್ಲ ಎಂಬುದು ತಿಳಿಯಿತು. ಬಲು ಆಸೆಯಾಗಿತ್ತು ಅವನಿಗೆ. ಒಂದು ಗೆರಟೆ ಎರೆದು ಒಂದು ಗುಟುಕು ನುಂಗಿದರೆ ಮೊಮ್ಮಗಳು ಬಿಡುಗಡೆ. ಆದರೆ ಬಾಟ್ಲಿ ಬಂದದ್ದು ಗೋವೆಯಿಂದ. ಅಲ್ಲಿ ಇನ್ನೂ ಪರರ ಬಾವುಟ. ಅದರ ಗಡಿಯಲ್ಲಿ ನಮ್ಮ ಹುಡುಗರು ಗುಂಡು ತಿಂದು ಇನ್ನೂ ಬಹಳ ವರ್ಷಗಳಾಗಿರಲಿಲ್ಲ.

“ಬ್ಯಾಡ” ಎಂದ. “ಉಪಾಯ ಮಾಡಿ ತೀರಿಸುದಾದ್ರೆ ಅದು ಹರಕೆ ಅಲ್ಲ.”

ಬಿಯರು ಬಚ್ಚಲಿಗೆ ಹೋಯಿತು. ಬಾಟ್ಲಿಯನ್ನು ಗಣಪಿ ತೊಳೆದು ಸೀಮೆಎಣ್ಣೆಗೆ ಇಟ್ಟುಕೊಂಡಳು. ಅರವತ್ತೊಂದರಲ್ಲಿ ಗೋವೆ ನಮ್ಮದಾದಾಗ ಸೋಮ ಆ ಬಾಟ್ಲಿ ತೋರಿಸಿ, “ಈಗಾದ್ರೂ ತರ್ಲಾ ಮಾವಾ, ಇದೂ ಸ್ವದೇಶಿ ಆತು” ಎಂದು ಕಾಲೆಳೆದ. “ಒಂದು ರಾತ್ರಿಯಲ್ಲಿ ಕಹಿ ಹೋತನಾ ಅದ್ರದ್ದು?” ಎಂದು ಜಟ್ಟಿ ಅವನ ಬಾಯಿ ಮುಚ್ಚಿಸಿದ.

ಅರವತ್ತೇಳರಲ್ಲಿ ಸರಕಾರ ಪಾನನಿಷೇಧವನ್ನೇ ತೆಗೆದುಹಾಕಿತು. ಸರಕಾರಕ್ಕೆ ಆದಾಯ ಬೇಕಾಗಿತ್ತು. ಕಳ್ಳಿನ ಗುತ್ತಿಗೆ ಹರಾಜಾಯಿತು. ಹೊನ್ನಾವರದಲ್ಲಿ ಬೆಂಗಳೂರಿನ ಬಿಯರ್ ಬಾಟ್ಲಿಗಳು ಸಾಲಾಗಿ ನಿಂತವು. ಪೇಟೆಯ ಹುಡುಗರು ಬಿಯರ್ ಕುಡಿದು ಸಾಹೇಬರಾದರು, ಗದ್ದೆಯವರು ಕಳ್ಳು ಕುಡಿದು ಕುಡುಕರಾದರು. ಅಮಲು ಒಂದೇ, ಹೆಸರು ಮಾತ್ರ ಜಾತಿ ನೋಡಿ ಬಂತು. ಊರವರು ಬಂದು ಇನ್ನೇನು ತಡ ಜಟ್ಟಿ, ಹರಕೆ ತೀರಿಸು ಎಂದರು. ಸರಕಾರ ತನ್ನ ಮಾತು ವಾಪಸು ತೆಗೆದುಕೊಂಡಿತ್ತು, ನಿಜ. ಜಟ್ಟಿಗೆ ಅವನ ಮಾತನ್ನು ವಾಪಸು ಕೊಡುವವರು ಯಾರು?

ಆ ಮಳೆಗಾಲ ಕಮಲಿಗೆ ಜ್ವರ ಹಿಡಿದು ಬಿಡಲೇ ಇಲ್ಲ. ಹೊನ್ನಾವರದ ಡಾಕ್ಟರು ಕೊಟ್ಟ ಸೂಜಿಗೆ ಅಂತೂ ಇಳಿಯಿತು, ಆದರೆ ಹುಡುಗಿ ಒಣಗಿದ ಅವರೆಬಳ್ಳಿಯಂತಾಗಿದ್ದಳು. ಆಗ ಲಕ್ಕಿ ಮೊದಲ ಬಾರಿಗೆ ಬಾಯಿಬಿಟ್ಟಳು: “ಅಪ್ಪಾ, ಇನ್ನೊಂದು ಜ್ವರ ನೋಡುಕೆ ನನ್ನಿಂದ ಆಗುದಿಲ್ಲ.”

ಜಟ್ಟಿ ಮತ್ತೆ ಕುಮಟೆಗೆ ಹೋದ, ಈ ಸಲ ಅನಂತಮೂರ್ತಿಗಳ ಮನೆಗೆ. ವಕೀಲರು ಜಗಲಿಯಲ್ಲಿ ಆರಾಮಕುರ್ಚಿಯ ಮೇಲಿದ್ದರು. ಕಣ್ಣು ಮಂಜಾಗಿತ್ತು. ಗುರುತು ಹತ್ತಲು ಹೊತ್ತು ಹಿಡಿಯಿತು.

“ಒಡೆಯಾ, ಅಂದು ಮೈದಾನದಲ್ಲಿ ನಿಮ್ಮ ಮುಂದೆ ಒಂದು ಆಣೆ ಮಾಡಿದ್ದೆ. ಅದ್ರಿಂದ ನನ್ನನ್ನ ಬಿಟ್ಟುಬಿಡಿ.”

“ಎಂತ? ಇನ್ನೂ ಇಟ್ಕಂಡಿದ್ಯನಾ ನೀನು?” ವಕೀಲರು ಕುರ್ಚಿಯಿಂದ ಅರ್ಧ ಎದ್ದರು. ಆಮೇಲೆ ಮೆಲ್ಲನೆ ಒರಗಿದರು. “ಮೊನ್ನೆ ಮಗ ಪುಣೆಯಿಂದ ಬಂದಿದ್ದ. ಇದೇ ಮನೆಯಲ್ಲಿ, ಊಟದ ಹೊತ್ತಿಗೆ, ಬಿಯರ್ ಬಾಟ್ಲಿ ತೆಗೆದ. ನಾನು ಎದ್ದು ಹೊರಗೆ ಬಂದು ಕೂತೆ. ಅಷ್ಟೇ ನನ್ನಿಂದ ಆದದ್ದು. ನಿನ್ನನ್ನು ಬಿಡಲಿಕ್ಕೆ ನಾನು ಯಾರು, ಜಟ್ಟಿ? ನಾನು ಬಾವುಟ ಹಿಡಿದುಕೊಂಡಿದ್ದೆ. ಮಾತು ಕೊಟ್ಟದ್ದು ನೀನು, ಬಾವುಟಕ್ಕೆ.”

ಒಳಗಿನಿಂದ ಬೆಲ್ಲ ನೀರು ಬಂತು. ಅದನ್ನು ಕುಡಿದು, ಕಮಲಿಗಾಗಿ ಒಂದು ಗುಟುಕಿನಷ್ಟು ಆಣೆ ಮುರಿಯುವುದೇ ಸೈ ಎಂದುಕೊಂಡು ಜಟ್ಟಿ ಊರಿಗೆ ಮರಳಿದ.

ಸೋಮ ಗುತ್ತಿಗೆದಾರನನ್ನು ಕೇಳಿ ಕಳ್ಳಿಗೆಂದು ಒಂದು ತೆಂಗಿನ ಮರ ಕೊಡಿಸಿಕೊಂಡ. ಇಳಿಸುವುದಿಲ್ಲ ಎಂದು ಆಣೆ ಇದ್ದದ್ದರಿಂದ ಜಟ್ಟಿ ಹತ್ತುವಂತಿಲ್ಲ. ಸೋಮ ಹತ್ತಿದ, ಆದರೆ ಅವನು ಮಚವೆಯವನು, ಹೊಂಬಾಳೆಯನ್ನು ಹಗ್ಗದ ಗಂಟೆಂದು ತಿಳಿದು ಬಿಗಿದು ಬಡಿದ. ಜಟ್ಟಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಬುಡದಲ್ಲಿ ನಿಂತು ಒದರಾಡಿದ: ಹೊಡೆಯಬೇಡ, ತಟ್ಟು! ಬಸುರಿಯ ಬೆನ್ನು ಸವರಿದ ಹಾಗೆ ತಟ್ಟು! ತುದಿ ಎಲೆಯಷ್ಟು ತೆಳ್ಳಗೆ ಕೊಯ್ಯಿ!

“ಬಾಯಲ್ಲಿ ಇಳಿಸಿದ್ರೂ ಇಳಿಸಿದಂಗೇ” ಎಂದು ಗಣಪಿ ನಕ್ಕಳು. ಅವನಿಗೆ ನಗು ಬರಲಿಲ್ಲ.

ಕೆಲವು ದಿನಕ್ಕೆ ಮಡಕೆ ತುಂಬಿತು. ಬೆಳಿಗ್ಗೆಯ ಬಿಸಿಲಿನಲ್ಲಿ ಎಲ್ಲರೂ ಜಟಗನ ಮುಂದೆ ಸೇರಿದರು. ಸೋಮ ಗೆರಟೆ ಗೆರಟೆಯಾಗಿ ಕಲ್ಲಿಗೆ ಎರೆದ. ಕಲ್ಲು ಕಪ್ಪಗಾಯಿತು, ಹುಳಿ ವಾಸನೆ ಎದ್ದಿತು. ಅಪ್ಪನ, ಅಣ್ಣ ಕುಪ್ಪನ ಮೈಯಲ್ಲಿ ಸದಾ ಇರುತ್ತಿದ್ದ ವಾಸನೆ. ಜಟ್ಟಿಯ ಕಣ್ಣು ತುಂಬಿತು. ಕೊನೆಯ ಗೆರಟೆಯನ್ನು ಸೋಮ ಅವನ ಮುಂದೆ ಇಟ್ಟ.

ಜಟ್ಟಿ ಕಲ್ಲಿನ ಎದುರು ಚಕ್ಕಳಮಕ್ಕಳ ಹಾಕಿ ಕೂತ. ಟೊಪ್ಪಿ ತೆಗೆದು ಪಕ್ಕಕ್ಕಿಟ್ಟ. ಗೆರಟೆ ಎತ್ತಿದ. ತುಟಿಯ ಹತ್ತಿರ ಬಂದ ಕೈ ಅಲ್ಲೇ ನಿಂತಿತು. ಕುಡಿದರೆ ಮೂವತ್ತೇಳು ವರ್ಷದ ಆಣೆ ನೆಲಕ್ಕೆ, ಕುಡಿಯದಿದ್ದರೆ ಜಟಗನಿಗೆ ಎರೆದದ್ದು ನೆಲಕ್ಕೆ. ಕಮಲಿ ಗಣಪಿಯ ಸೊಂಟಕ್ಕೆ ಒರಗಿ ಅಜ್ಜನನ್ನೇ ನೋಡುತ್ತಿದ್ದಳು. ಗೆರಟೆ ವಾಲಿ ಕಳ್ಳು ಅವನ ಬೆರಳ ಮೇಲೆ ಇಳಿಯಿತು.

ಲಕ್ಕಿ ಸೆರಗು ಬಿಗಿದು ಬಂದು ಅಪ್ಪನ ಪಕ್ಕ ಕೂತಳು. ಗೆರಟೆಯನ್ನು ಅವನ ಕೈಯಿಂದ ಬಿಡಿಸಿಕೊಂಡಳು.

“ಇದೆಂತ ಮಾಡ್ತೆ ನೀನು? ಹೆಂಗಸ್ರು ಕೂತದ್ದಿಲ್ಲ ಇಲ್ಲಿ” ಎಂದ ಜಟ್ಟಿ ಗಾಬರಿಯಿಂದ. “ಸಂಗ್ತಿಗೆ ಕೂರುದು ನಾನೇ ಅಂತ ಹೇಳಿದ್ದೆ!”

“ಕೂತಿದ್ಯಲ್ಲ, ಕೂತ್ಕ” ಎಂದಳು ಲಕ್ಕಿ. “ಬಾವುಟ ಮುಟ್ಟಿದ್ದು ನೀನು, ನಾನಲ್ಲ. ಹರಕೆ ಹೊತ್ತದ್ದು ನನ್ನ ಹೊಟ್ಟೆ ಸಲುವಾಗಿ. ನನ್ನ ಹೊಟ್ಟೆಗೇ ಹೋಗ್ಲಿ.”

ಅವಳು ಗೆರಟೆ ಎತ್ತಿ, ನಡುವೆ ಉಸಿರೂ ಬಿಡದೆ, ಅಷ್ಟನ್ನೂ ಕುಡಿದಳು.