ಅಮಾಸಿಯ ಮರುದಿನದ ವಿಮಾನ

ಲಿಸ್ಬನ್‌ನಿಂದ ವಿಯೆನ್ನಾಕ್ಕೆ ಎರಡು ಸಾವಿರ ಚಿಲ್ಲರೆ ಕಿಲೋಮೀಟರು. ನಡುವೆ ಎಲ್ಲೂ ಇಳಿಯದ ವಿಮಾನವಾದರೆ ಮೂರೂವರೆ ತಾಸು. ಈಗ ಇದು ನನಗೆ ಬಾಯಿಪಾಠ. ವಿಜಯಪುರದ ಜೋರಾಪುರ ಪೇಟೆಯ ಮನೆಯಿಂದ ಬಬಲೇಶ್ವರದ ಸಾಲೆಗೆ ವರ್ಷಗಟ್ಟಲೆ ಬಸ್ಸಿನಲ್ಲಿ ಓಡಾಡಿ ಭೂಗೋಳ ಕಲಿಸಿದವಳು ನಾನು. ಲಿಸ್ಬನ್‌ಗೂ ವಿಯೆನ್ನಾಕ್ಕೂ ಇರುವ ದೂರವನ್ನು ಯಾವ ಮಕ್ಕಳಿಗೂ ಕೇಳಿದ್ದಿಲ್ಲ.

ವಿಯೆನ್ನಾದಲ್ಲಿ ನನ್ನ ಮಗಳು ಆರು ತಿಂಗಳ ಬಸುರಿ. ಅಳಿಯ ನಾಲ್ಕು ದಿನದ ಕೆಲಸಕ್ಕೆ ಲಿಸ್ಬನ್‌ಗೆ ಹೋಗಿದ್ದ. ಸೋಮವಾರ ಮಧ್ಯಾಹ್ನ ಅಲ್ಲಿಂದ ಫೋನ್ ಮಾಡಿದ.

"ಅತ್ತಿ, ಆಕಿಗೆ ನಿನ್ನೆಯಿಂದ ಟೊಂಕ ನೋಯಾಕತ್ತೈತಂತ್ರಿ. ನನ್ನ ಕೆಲಸ ಮುಗದೈತಿ. ಇವತ್ತ ಸಂಜಿ ವಿಮಾನಕ್ಕ ಹೊಂಡ್ಲ್ಯಾ?"

ಟಿಕೋಟಾದಲ್ಲಿ ಬೆಳೆದ ಹುಡುಗ. ಊರು ಬಿಡುವ ಮುಂಚೆ ಹಿರಿಯರನ್ನು ಒಂದು ಮಾತು ಕೇಳುವುದು ಅವರ ಮನೆಯ ರೂಢಿ. "ಹೂಂ, ಹೊಂಡ್ರಿ" ಅಂದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಹಾಳಾದ ಕಣ್ಣು ಗೋಡೆಯ ಕ್ಯಾಲೆಂಡರಿನ ಮೇಲೆ ಬಿತ್ತು.

"ಇವತ್ತ ಅಮಾಸಿ ಐತ್ರಿ. ಬಸುರಿ ಇದ್ದ ಮನಿಗಿ ಅಮಾಸಿ ದಿನಾ ದಾರಿ ಹಿಡದು ಬರಬಾರ್ದು. ನಾಳೆ ಹೊಂಡ್ರಿ. ಮೂರೂವರೆ ತಾಸಂದ್ರ ಏನ್ ಮಹಾ?"

"ಆತ್ರಿ" ಅಂದ. ಪುಣ್ಯಾತ್ಮ, ಒಮ್ಮೆಯಾದರೂ ಎದುರಾಡಬಾರದಿತ್ತೇ!

ಮರುದಿನ ಅವನ ವಿಮಾನ ಹಾರಿ ಸ್ವಲ್ಪ ಹೊತ್ತಾಗಿತ್ತು. ನಮ್ಮಲ್ಲಿ ಇಳಿಹೊತ್ತು. ಮಗಳ ಫೋನ್ ಬಂತು. ನೀರು ಒಡೆದಿತ್ತು, ಆಸ್ಪತ್ರೆಯಲ್ಲಿ ಒಬ್ಬಳೇ ಇದ್ದಳು.

"ಅವ್ವಾ, ಅವರ ಫೋನ್ ಹತ್ತವಲ್ದು. ಎಲ್ಲಿ ತನಕಾ ಬಂದಾರಬೇ?"

ಮೊಬೈಲಿನ ನಕಾಶೆಯಲ್ಲಿ ಅವನ ವಿಮಾನ ಸ್ಪೇನಿನ ಮೇಲೆ ಒಂದು ಸಣ್ಣ ಹಳದಿ ಗುರುತಾಗಿತ್ತು. ಮಿಸುಕುತ್ತಲೇ ಇರಲಿಲ್ಲ. ಬಬಲೇಶ್ವರದ ಬಸ್ಸಾದರೆ ಡ್ರೈವರನಿಗೆ ಕೈಮುಗಿದು "ಅಣ್ಣಾ, ಜರಾ ಜಲ್ದಿ ಹೊಡಿ" ಅನ್ನಬಹುದಿತ್ತು. ಇಲ್ಲಿ ಯಾರ ಕಾಲು ಹಿಡಿಯಲಿ? ಆ ಗುರುತನ್ನು ಬೆರಳಿನಿಂದ ಮುಂದಕ್ಕೆ ತಳ್ಳಿದೆ. ನಕಾಶೆಯೇ ಸರಿಯಿತು. ಹುಚ್ಚಿಯ ಹಾಗೆ ಮತ್ತೆ ಮತ್ತೆ ತಳ್ಳಿದೆ. "ಬಂದ್ರವ್ವಾ, ಬಂದ್ರು" ಎಂದು ಮಗಳಿಗೆ ಸುಳ್ಳು ಹೇಳುತ್ತಲೇ ಇದ್ದೆ. ಆಮೇಲೆ ಅವಳ ಫೋನೂ ನಿಂತಿತು.

ಕೂಸು ಒಂದೂವರೆ ತಾಸು ಬದುಕಿತ್ತಂತೆ. ಅಷ್ಟು ಹೊತ್ತೂ ಅದರ ಅಪ್ಪ ಆಕಾಶದಲ್ಲಿದ್ದ. ಅವನು ಆಸ್ಪತ್ರೆಗೆ ಬಂದು ಮುಟ್ಟಿದಾಗ ಮಗಳು ಅದನ್ನು ಎದೆಗೆ ಅವಚಿಕೊಂಡೇ ಕುಳಿತಿದ್ದಳಂತೆ.

ಹಿಂದಿನ ದಿನ ಬಂದಿದ್ದರೂ ಕೂಸು ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಇರಬಹುದು. ಆದರೆ ನನ್ನ ಮಗಳು ಒಬ್ಬಳೇ ಇರುತ್ತಿರಲಿಲ್ಲ. ಅಪ್ಪ ಅದರ ಜೀವಂತ ಮುಖ ನೋಡುತ್ತಿದ್ದ.

ತಿಂಗಳ ಮೇಲೆ ಇಬ್ಬರೂ ವಿಜಯಪುರಕ್ಕೆ ಬಂದರು. ಅಳಿಯ ನನ್ನ ಕಾಲಿಗೆ ನಮಸ್ಕಾರ ಮಾಡಿದ. ನಾನು ಅವನ ಮುಖ ನೋಡಲಾರದೆ ಒಳಗೆ ಹೋದೆ. ಮಗಳು ಹಿಂದೆಯೇ ಬಂದು ನನ್ನ ಹೆಗಲಿಗೆ ತಲೆಯಿಟ್ಟಳು.

"ಅವರ ಮ್ಯಾಲ ಸಿಟ್ಟ ಆಗಬ್ಯಾಡಬೇ. ಸೋಮವಾರನ ಹೊಂಟಿದ್ರಂತ. ವಿಮಾನದಾಗ ಜಾಗಾ ಸಿಗಲಿಲ್ಲಂತ."

ಬಾಗಿಲಾಚೆ ಅಳಿಯ ಕೆಳಗೆ ನೋಡುತ್ತ ನಿಂತಿದ್ದ.

"ಹೌದವ್ವಾ," ಅಂದೆ, "ನನಗೂ ಹಂಗ ಹೇಳಿದ್ರು."