ಮಾವ ಕೊಟ್ಟ ಬೈಕು, ದೇವದುರ್ಗದ ದಾರಿ

ನಮ್ಮ ಮನೆಯವರು ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಾರೆ. ಮರುಭೂಮಿಯ ಪಾಠ ಬಂದಾಗ ಬೋರ್ಡಿನ ಮೇಲೆ ಮರಳಿನ ದಿಬ್ಬ ಬಿಡಿಸುತ್ತಾರೆ. ಒಂಟೆ ಬಿಡಿಸಲು ಬರುವುದಿಲ್ಲ. ಅದು ದಿಬ್ಬದ ಆ ಕಡೆ ನಿಂತಿದೆ ಎಂದು ಹೇಳಿ ಪಾಠ ಮುಂದುವರಿಸುತ್ತಾರೆ. ನಾವಿಬ್ಬರೂ ರಾಜಸ್ಥಾನಕ್ಕೆ ಹೋಗಿ, ಬಾಡಿಗೆಗೆ ಒಂದು ಬೈಕು ಹಿಡಿದು, ಮರಳುಗಾಡಿನ ನಡುವಿನ ರಸ್ತೆಯಲ್ಲಿ ಸುತ್ತಬೇಕೆಂದು ಅವರಿಗೆ ಬಹಳ ದಿನದ ಆಸೆ. ಒಮ್ಮೆ ಹೊರಟಾಗ ಪರೀಕ್ಷೆಯ ಕೆಲಸ ಬಂತು, ಇನ್ನೊಮ್ಮೆ ಚುನಾವಣೆಯ ಕೆಲಸ. ಮೂರನೆಯ ಸಲ ಅವರೇ ಬೇರೆ ಮಾತು ತೆಗೆದರು.

“ಬಿಸಲು ರಾಯಚೂರಾಗೂ ಅದ. ಬರೇ ಬಂಡಿಗಲ್ಲಿನ ಗುಡ್ಡ ಅದಾವ. ಉಸುಕು ಕೃಷ್ಣಾ ಹೊಳ್ಯಾಗ ಬಿದ್ದದ. ಇದಕ್ಕ ರಾಜಸ್ಥಾನತನಾ ಯಾಕ ಹೋಗಬೇಕು?”

ಹೀಗಾಗಿ ಮಾರ್ಚ್ ತಿಂಗಳ ಒಂದು ಭಾನುವಾರ ಮರುಭೂಮಿ ನೋಡಲು ದೇವದುರ್ಗಕ್ಕೆ ಹೋಗುವುದೆಂದು ತೀರ್ಮಾನವಾಯಿತು. ನಮ್ಮ ಮನೆಯಲ್ಲಿ ಒಂದು ಸ್ಕೂಟಿ ಇದೆ. ಅದರಲ್ಲಿ ಹೋದರೆ ತರಕಾರಿಗೆ ಹೋದಂತಾಗುತ್ತದೆ ಎಂದರು. ಬೈಕು ಓಡಿಸುವವಳು ನಾನೇ. ನನ್ನ ತವರು ಮಾನ್ವಿ. ಅಕ್ಕಿ ಗಿರಣಿಯ ಓಡಾಟಕ್ಕೆ ಒಬ್ಬರು ಬೇಕೆಂದು ನಮ್ಮಪ್ಪ ನನಗೆ ಮದುವೆಗೆ ಮೊದಲೇ ಬೈಕು ಕಲಿಸಿದ್ದರು. ನಮ್ಮ ಮನೆಯವರಿಗೂ ಗೇರಿನ ವಿಷಯ ಚೆನ್ನಾಗಿ ಗೊತ್ತು, ಆದರೆ ಹಿಂದೆ ಕೂತಾಗ ಮಾತ್ರ.

ನಮ್ಮ ರಾಯಚೂರಿನ ಸ್ಟೇಷನ್ ರಸ್ತೆಯ ಒಳಗಿನ ಓಣಿಯಲ್ಲಿ ಬೈಕು ಬಾಡಿಗೆಗೆ ಕೊಡುವವನೊಬ್ಬನಿದ್ದ. ಮೂವತ್ತರ ಆಸುಪಾಸಿನ, ಮೆತ್ತಗೆ ಮಾತಾಡುವ ಮನುಷ್ಯ. ಅವನ ಅಂಗಳದಲ್ಲಿದ್ದ ಗಾಡಿಗಳಲ್ಲಿ ನಮ್ಮ ಮನೆಯವರು ಒಂದು ಹಸಿರು ಬಣ್ಣದ ಭಾರಿ ಗಾಡಿಯ ಮೇಲೆ ಕೈಯಿಟ್ಟರು. ಅವನು ತನ್ನ ಅಂಗಿಯ ಚುಂಗಿನಿಂದಲೇ ಅದರ ಟ್ಯಾಂಕು ಒರೆಸಿದ.

“ಅಕ್ಕಾರ, ಇದು ನನ್ನ ಸ್ವಂತದ್ದು. ಬಾಳ ಜ್ವಾಕಿ. ಎಲ್ಲಿ ಬೇಕಾದ್ರೂ ಹೋಗ್ರಿ, ದೇವದುರ್ಗದ ಕಡಿ ಮಾತ್ರ ಬ್ಯಾಡ್ರಿ. ರಸ್ತಾ ಸರಿ ಇಲ್ಲ.”

ನಾವು ತಲೆಯಾಡಿಸಿದೆವು. ಓಣಿ ದಾಟಿದ ಮೇಲೆ ನಮ್ಮ ಮನೆಯವರು, ರಸ್ತೆ ಸರಿ ಇಲ್ಲದ ಕಡೆಯೇ ನೋಡುವಂಥದ್ದು ಇರುತ್ತದೆ ಎಂದರು. ಸೀದಾ ಹೋದರೆ ಬೇಗ ಮುಗಿದುಬಿಡುತ್ತದೆ ಎಂದು ಮಾನ್ವಿಯ ಮೇಲೆ ಸುತ್ತಿ ಹೋಗಲು ಹೊರಟೆವು.

ಮೊದಲ ಅಡ್ಡಿ ಹಸಿರು. ಕಾಲುವೆ ನೀರು ಬಿಟ್ಟಿದ್ದರು. ರಸ್ತೆಯ ಎರಡೂ ಬದಿಗೆ ಎರಡನೇ ಬೆಳೆಯ ಭತ್ತ ಕಣ್ಣು ಹಾಯುವಷ್ಟು ದೂರ ನಿಂತಿತ್ತು. ಬೆಳ್ಳಕ್ಕಿಗಳೂ ಇದ್ದವು. ನಮ್ಮ ಮನೆಯವರು ಹಿಂದೆ ಕೂತು ಪ್ರತಿ ಗದ್ದೆಗೂ ನಿಟ್ಟುಸಿರು ಬಿಟ್ಟರು. ನಾನು ಗಿರಣಿ ಮನೆಯಲ್ಲಿ ಬೆಳೆದವಳು, ಭತ್ತ ನೋಡಿ ದುಃಖಪಟ್ಟವರನ್ನು ಅದೇ ಮೊದಲು ಕಂಡದ್ದು.

ಕುರ್ಡಿಯಲ್ಲಿ ಚಹಾಕ್ಕೆ ನಿಂತೆವು. ಬಿಸಿಲಿಗೆ ಗಾಡಿಯ ಹೆಡ್‌ಲೈಟಿನ ಮೇಲೆ ಅಂಟಿಸಿದ್ದ ಕಪ್ಪು ಟೇಪು ಬಿಚ್ಚಿ ಜೋತಾಡುತ್ತಿತ್ತು. ನಾನು ಅದನ್ನು ಕಿತ್ತೆ. ಕೆಳಗೆ ದಪ್ಪ ಹಳದಿ ಅಕ್ಷರದಲ್ಲಿ ‘ಮಾವನ ಕೊಡುಗೆ’ ಎಂದು ಬರೆದಿತ್ತು.

ಚಹಾ ಸೋಸುತ್ತಿದ್ದ ಹೋಟೆಲಿನ ಮುದುಕ ಸೋಸುವುದನ್ನು ನಿಲ್ಲಿಸಿದ.

“ಈ ಗಾಡಿ ನಿಮಗ ಹ್ಯಾಂಗ ಸಿಕ್ತ್ರೀ?”

“ರಾಯಚೂರಾಗ ಬಾಡಿಗಿಗೆ ತಗೊಂಡೀವ್ರಿ,” ಎಂದೆ.

“ಬಾಡಿಗಿಗೆ,” ಎಂದ ಅವನು, ಹತ್ತಿರ ಬಂದು ಟ್ಯಾಂಕು ಮುಟ್ಟಿ ನೋಡಿದ. “ಈ ಗಾಡಿ ಕೊಟ್ಟ ಮದುವಿಯಾಗ ನಾ ಉಂಡೀನ್ರೀ. ಹೆಣ್ಣಿನಪ್ಪ ದೇವದುರ್ಗದಾಂವ, ನಮ್ಮ ಬೀಗ. ಅಳಿಯ ಸಿಕ್ಕಸಿಕ್ಕವರಿಗೆ ಗಾಡಿ ಕೊಡ್ತಾನಂತ ಮಗಳು ಸಿಟ್ಟಾಗಿ ತವರುಮನಿಗೆ ಬಂದು ಕುಂತಾಳ. ನೀವೆಲ್ಲಿಗೆ ಹೊಂಟೀರಿ?”

ನಮ್ಮ ಮನೆಯವರು ಸತ್ಯವನ್ನೇ ಹೇಳಿದರು. ಅವರು ಮೇಷ್ಟ್ರು. ಮುದುಕ ಚಹಾ ಕೊಟ್ಟು, ಒಳಗೆ ಹೋಗಿ ಫೋನಿನಲ್ಲಿ ಬಹಳ ಹೊತ್ತು ಮಾತಾಡಿದ.

ಮಾನ್ವಿಯಲ್ಲಿ ತವರಿಗೆ ಹೋಗಲಿಲ್ಲ. ಹೋದರೆ ಉಣ್ಣಿಸಿ ಮಲಗಿಸುತ್ತಾರೆ. ಅಲ್ಲಿಂದ ಮುಂದೆ ಕಾಲುವೆ ಹಿಂದಾಗಿ ನೆಲ ಒಣಗುತ್ತ ಬಂತು. ಹತ್ತಿ ಬಿಡಿಸಿದ ಹೊಲಗಳು, ಜಾಲಿ ಗಿಡ, ಒಂದರ ಮೇಲೊಂದು ಪೇರಿಸಿದಂಥ ಬಂಡೆಗಳು. ಬಿಸಿಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ನಮ್ಮ ಮನೆಯವರು ಈಗ ಖುಷಿಯಾದರು. ನನ್ನ ಭುಜ ತಟ್ಟಿ ಬಂಡೆಗಳು ಹೇಗೆ ಸೀಳುತ್ತವೆ ಎಂದು ಕೂಗಿ ಹೇಳುತ್ತಿದ್ದರು. ಹೆಲ್ಮೆಟ್ಟಿನಿಂದಾಗಿ ನನಗೆ ಅರ್ಧವೇ ಕೇಳಿಸಿತು, ಅಷ್ಟು ಸಾಕಾಯಿತು.

ದೇವದುರ್ಗ ತಲುಪುವ ಮುಂಚೆ ರಸ್ತೆಯ ನಟ್ಟನಡುವೆ ಬಿಳಿ ಧೋತರದ ಹಿರಿಯರೊಬ್ಬರು ಟವೆಲ್ ಎತ್ತಿ ನಿಂತಿದ್ದರು. ಹಿಂದೆ ಒಂದು ಎತ್ತಿನ ಗಾಡಿ ಅಡ್ಡ ನಿಂತಿತ್ತು. ಬ್ರೇಕು ಹಾಕಿದೆ.

“ಬರ್ರಿ ಯವ್ವಾ, ಬರ್ರಿ ಸರ,” ಎಂದರು ಅವರು. “ಊಟಕ್ಕ ನಿಮ್ಮ ಹಾದಿನ ನೋಡಾಕತ್ತೀನಿ.”

ನಮ್ಮನ್ನು ಹೀಗೆ ಹಿಡಿದರು. ಮನೆಗೆ ಕರೆದೊಯ್ದು ಕಾಲಿಗೆ ನೀರು ಕೊಟ್ಟರು. ಬೈಕಿನ ಕೀಲಿಕೈ ತೆಗೆದುಕೊಂಡು ದೇವರ ಜಗಲಿಯ ಮೇಲೆ, ವಿಭೂತಿಯ ಪಕ್ಕದಲ್ಲಿಟ್ಟರು. ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಚಟ್ನಿ ಬಡಿಸಿದರು. ಯಾರನ್ನಾದರೂ ಜಪ್ತಿ ಮಾಡುವುದಾದರೆ ಹೀಗೆಯೇ ಮಾಡಬೇಕು.

“ಸರ, ನೀವ ಹೇಳ್ರಿ,” ಎಂದರು ಹಿರಿಯರು. “ನಾ ಅಳಿಯಗ ಗಾಡಿ ಕೊಟ್ಟಿದ್ದು ಹತ್ತಾಕ. ಊರ ಮಂದಿಗೆ ಹತ್ತಿಸಾಕ ಅಲ್ಲ. ನೀವು ಚಲೋ ಮಂದಿ, ನಿಮ್ಮ ಮ್ಯಾಲೆ ಸಿಟ್ಟಿಲ್ಲ. ಆದ್ರ ಗಾಡಿ ಇಲ್ಲೇ ಇರತದ.”

ನಮ್ಮ ಮನೆಯವರು ಎರಡೂ ಪಕ್ಷದಲ್ಲಿ ನ್ಯಾಯವಿದೆ ಎಂದು ಹೇಳಿ ಇನ್ನೊಂದು ರೊಟ್ಟಿ ಹಾಕಿಸಿಕೊಂಡರು.

ಮಜ್ಜಿಗೆ ತಂದವಳು ಮಗಳು. ಗಲಾಟೆಯ ಮೂಲ ಅವಳೇ ಆದರೂ ಅಲ್ಲಿಯವರೆಗೆ ಅವಳನ್ನು ಯಾರೂ ಏನೂ ಕೇಳಿರಲಿಲ್ಲ. ನನ್ನ ಪಕ್ಕದಲ್ಲಿ ಕೂತು ಮೆಲ್ಲಗೆ ಕೇಳಿದಳು.

“ಅಕ್ಕಾರ, ಈ ಗಾಡಿ ಮ್ಯಾಲೆ ಕುಂತ್ರ ಹ್ಯಾಂಗನಸ್ತದ್ರೀ?”

“ಅಂದ್ರ? ನೀ ಕುಂತಿಲ್ಲೇನು?”

“ಎಲ್ಲೀದ್ರೀ. ಮದುವಿಯಾದ ಮರುವಾರದಿಂದ ಬಾಡಿಗಿಗೆ ಹೊಂಟದ. ಗಂಡ ಹೆಂಡ್ತಿ ಜೋಡಿ ಜೋಡಿ ಬರತಾರ, ಫೋಟೋ ತೆಕ್ಕೊಂತ ಹೋಗತಾರ. ಸಂಜಿಗೆ ನಾ ಅದರ ಧೂಳ ತೊಳೀತೀನಿ. ಬಾಡಿಗಿಗೆ ಕೊಡಬ್ಯಾಡ ಅಂತ ನಾ ಅಂದಿಲ್ರೀ. ಒಮ್ಮೆ ಕರ್ಕೊಂಡು ಹೋಗು ಅಂದೆ. ಆತು, ಗಾಡಿ ಖಾಲಿ ಇದ್ದ ದಿನ ಅಂದ. ಚಲೋ ಗಾಡಿ, ಖಾಲಿ ಇರೂದಿಲ್ಲ.”

ಅವಳು ಅಳಲಿಲ್ಲ. ಲೋಟ ತೆಗೆದುಕೊಂಡು ಎದ್ದಳು. ನನಗೆ ಏನನ್ನಿಸಿತೋ, ಎಲ್ಲರ ಮುಂದೆ ಹಿರಿಯರಿಗೆ ಹೇಳಿದೆ: “ಯಪ್ಪಾ, ಕೀಲಿಕೈ ಕೊಡ್ರಿ. ತಂಗೀನ ಹೊಳಿತನಾ ಕರ್ಕೊಂಡು ಹೋಗಿ ಬರ್ತೀನಿ.”

ಅವರು ನನ್ನನ್ನು ನೋಡಿದರು, ಮಗಳನ್ನು ನೋಡಿದರು, ಕೊನೆಗೆ ನಮ್ಮ ಮನೆಯವರನ್ನು ನೋಡಿದರು.

“ಹೋಗಿ ಬರ್ರಿ. ಸರ ಇಲ್ಲೇ ಕುಂದರ್ಲಿ.”

ಮರುಭೂಮಿ ನೋಡಲು ಹೊರಟ ಮನುಷ್ಯ ಹೀಗೆ ಹೊರಸಿನ ಮೇಲೆ ಅಡವು ಬಿದ್ದರು.

ಜಾಲಹಳ್ಳಿ ರಸ್ತೆಯಲ್ಲಿ ಸ್ವಲ್ಪ ದೂರ ಹೋಗಿ, ಹೊಳೆಗೆ ಇಳಿಯುವ ಮಣ್ಣಿನ ದಾರಿ ಹಿಡಿದೆವು. ಅವಳು ಮೊದಲು ಸೀಟಿನ ಕಂಬಿ ಹಿಡಿದಿದ್ದಳು, ಆಮೇಲೆ ನನ್ನ ಸೊಂಟ, ಆಮೇಲೆ ಏನನ್ನೂ ಹಿಡಿಯಲಿಲ್ಲ. ಕನ್ನಡಿಯಲ್ಲಿ ನೋಡಿದರೆ ಕಣ್ಣು ಮುಚ್ಚಿ, ಗಾಳಿಗೆ ಬಾಯಿ ತೆರೆದು ಕೂತಿದ್ದಳು.

ಹೊಳೆ ಆಚೆ ದಂಡೆಗೆ ಸರಿದು ಸಣ್ಣಗೆ ಹರಿಯುತ್ತಿತ್ತು. ಈಚೆಗೆಲ್ಲ ಉಸುಕು. ಗಾಳಿ ಅದರ ಮೇಲೆ ಗೆರೆ ಎಳೆದಿತ್ತು, ದಿಬ್ಬ ಏರಿಸಿತ್ತು. ಬೋರ್ಡಿನ ಮೇಲೆ ನಮ್ಮ ಮನೆಯವರು ಬಿಡಿಸುವ ಹಾಗೆಯೇ ಇತ್ತು. ಹೀಗೆಂದು ಫೋನ್ ಮಾಡಿ ಹೇಳಿದೆ. ಅವರು, ದಿಬ್ಬದ ಯಾವ ಬದಿ ಕಡಿದಾಗಿದೆ ಎಂದು ಕೇಳಿದರು.

“ನಾ ಓಡಿಸಲೇನ್ರೀ?” ಎಂದಳು ಅವಳು.

ಸೀರೆಯ ಸೆರಗು ಸಿಕ್ಕಿಸಿಕೊಂಡು ಮುಂದೆ ಕೂತಳು. ಕ್ಲಚ್ಚು ಹೇಳಿಕೊಟ್ಟೆ. ಗಾಡಿ ಎರಡು ಸಲ ಜಿಗಿದು ಸತ್ತಿತು. ಮೂರನೆಯ ಸಲ ಹೊರಟಿತು, ಗಟ್ಟಿ ದಂಡೆಯ ಮೇಲೆ ಒಂದಷ್ಟು ದೂರ ಚೆನ್ನಾಗಿಯೇ ಹೋಯಿತು, ಆಮೇಲೆ ಉಸುಕಿಗೆ ಇಳಿದು ಮೆಲ್ಲಗೆ, ಎಮ್ಮೆ ಮಲಗುವ ಹಾಗೆ ಮಲಗಿತು. ನಾನು ಓಡಿ ಹೋಗುವಷ್ಟರಲ್ಲಿ ಅವಳು ಉಸುಕಿನ ಮೇಲೆ ಅಂಗಾತ ಬಿದ್ದು ನಗುತ್ತಿದ್ದಳು. ಅದೇ ಭಂಗಿಯಲ್ಲಿ ಗಾಡಿಯೂ ಬರುವಂತೆ ಒಂದು ಫೋಟೋ ತೆಗೆಸಿಕೊಂಡು ರಾಯಚೂರಿನ ಗಂಡನಿಗೆ ಕಳಿಸಿದಳು.

ತಕ್ಷಣ ಫೋನ್ ಬಂತು. ಸ್ಪೀಕರಿನಲ್ಲಿಟ್ಟಳು.

“ಗಾಡಿಗೇನಾತು?” ಎಂದ ಅವನು.

ಅವಳು ಫೋನ್ ಇಟ್ಟಳು. ನಾವಿಬ್ಬರೂ ಹೊಳೆ ನೋಡುತ್ತ ಕೂತೆವು. ಸ್ವಲ್ಪ ಹೊತ್ತಿಗೆ ಮತ್ತೆ ಬಂತು.

“ನಿನಗೇನಾತು?” ಎಂದ ಈ ಸಲ. “ಪೆಟ್ಟಾಗೇದೇನು? ಯಾಕ ಮಾತಾಡವಲ್ಲಿ?”

“ಬಿದ್ದೀನಿ,” ಎಂದಳು. “ಬಂದು ನೋಡು.”

ಇಬ್ಬರೂ ಸೇರಿ ಗಾಡಿ ಎತ್ತಿದೆವು. ಕನ್ನಡಿ ತಿರುಗಿತ್ತು, ಬೇರೇನೂ ಆಗಿರಲಿಲ್ಲ. ಮನೆಗೆ ಮರಳಿದಾಗ ನಮ್ಮ ಮನೆಯವರು ಗಾಳಿ ಮರಳನ್ನು ಹೇಗೆ ಸಾಗಿಸುತ್ತದೆ ಎಂದು ಹಿರಿಯರಿಗೆ ವಿವರಿಸುತ್ತಿದ್ದರು. ಹಿರಿಯರು ಗೋಡೆಗೆ ಒರಗಿ ನಿದ್ದೆ ಹೋಗಿದ್ದರು.

ಸಂಜೆಯ ಬಿಸಿಲು ಇರುವಾಗಲೇ ಅಳಿಯ ಬಸ್ಸಿಳಿದು ಬಂದ. ಅಂಗಳದಲ್ಲಿ ನಿಂತಿದ್ದ ಗಾಡಿಯನ್ನು ದಾಟಿ ನೇರ ಹೆಂಡತಿಯ ಹತ್ತಿರ ಹೋದ. ಅವಳ ಕೂದಲಲ್ಲಿ ಇನ್ನೂ ಉಸುಕಿತ್ತು. ಮೊಣಕೈ ಹಿಡಿದು ತಿರುಗಿಸಿ ನೋಡಿದ, ಇನ್ನೊಂದು ಮೊಣಕೈಯನ್ನೂ ನೋಡಿದ. ಎಲ್ಲಿಯೂ ಗಾಯವಿಲ್ಲವೆಂದು ತಿಳಿದ ಮೇಲೆ, ಎಲ್ಲಿ ನೋಡಬೇಕೆಂದು ತಿಳಿಯದೆ ನನ್ನ ಕಡೆ ನೋಡಿದ.

“ದೇವದುರ್ಗಕ್ಕ ಬ್ಯಾಡ ಅಂದಿದ್ನಲ್ರೀ ಅಕ್ಕಾರ.”

“ರಸ್ತಾ ಚಲೋ ಅದ,” ಎಂದೆ.

ಹಿರಿಯರು ಗಂಟಲು ಸರಿಮಾಡಿಕೊಂಡು ಏನೋ ಹೇಳಹೊರಟರು. ಮಗಳು ಅವರಿಗಿಂತ ಮೊದಲೇ ಮಾತಾಡಿದಳು. “ಯಪ್ಪಾ, ನೀ ಸುಮ್ನಿರು. ಬಾಡಿಗಿಗೆ ಕೊಡಲಿ, ಹೊಟ್ಟಿ ನಡೀಬೇಕಲ್ಲ. ಐತವಾರ ಮಾತ್ರ ಗಾಡಿ ನಂದು. ಯಾರು ಬಂದು ಕೇಳಿದ್ರೂ ಇಲ್ಲ.”

ಅಳಿಯ, ಬಾಡಿಗೆಗೆ ಹೆಚ್ಚು ಕೇಳುವುದು ಭಾನುವಾರವೇ ಎಂದು ಹೇಳಲು ಬಾಯಿ ತೆರೆದ. ಅವಳ ಮುಖ ನೋಡಿ, ಆಗಲಿ ಎಂದು ಮುಚ್ಚಿದ. ಅವತ್ತು ಭಾನುವಾರವೇ ಆದ್ದರಿಂದ ನಮ್ಮ ಬಾಡಿಗೆ ಅಲ್ಲಿಗೇ ಮುಗಿಯಿತು. ಅವಳು ತನ್ನ ಸೀರೆ-ಬಟ್ಟೆಯ ಗಂಟನ್ನು ಗಾಡಿಯ ಹಿಂದೆ ಕಟ್ಟಿ, ಗಂಡನ ಭುಜ ಹಿಡಿದು ಕೂತಳು. ನನಗೆ ಕೈ ಬೀಸಿದ್ದು ಓಣಿಯ ತಿರುವಿನಲ್ಲಿ, ಎರಡೂ ಕೈ ಬಿಟ್ಟು.

ಹಿರಿಯರು ನಮ್ಮನ್ನು ಬಸ್‌ಸ್ಟ್ಯಾಂಡಿನವರೆಗೆ ಬಿಡಲು ಬಂದರು. ರೊಟ್ಟಿಯ ಗಂಟು ಕೊಟ್ಟು, ಕಂಡಕ್ಟರಿಗೆ ಹೇಳಿ ಕಿಟಕಿಯ ಸೀಟು ಕೊಡಿಸಿದರು.

“ಮತ್ತ ಬರ್ರಿ ಸರ. ಪಾಠ ಅರ್ಧಕ್ಕ ನಿಂತದ,” ಎಂದರು.

ನಮ್ಮ ಮನೆಯವರು ಬರುತ್ತೇನೆಂದು ಮಾತು ಕೊಟ್ಟು, ಎಲ್ಲಿಗೆ ನಿಂತಿತೆಂದು ನೆನಪಿಟ್ಟುಕೊಳ್ಳಲು ನನಗೆ ಹೇಳಿದರು.